ಮುಚ್ಚಳದ ವಾದಿ, ಕೊಪ್ಪರಿಗೆಯ ಪ್ರತಿವಾದಿ

ಜುಲೈ 3, ಗುರುವಾರ

ಇವತ್ತಿನಿಂದ ಬರೆಯುವುದು ಎಂದಾಗಿದೆ. ಚಟದಿಂದಲ್ಲ, ವಕೀಲರ ಅಪ್ಪಣೆಯಿಂದ. ಚನ್ನರಾಯಪಟ್ಟಣದ ಕೋರ್ಟಿನ ಪಡಸಾಲೆಯಲ್ಲಿ ಯಾರು ಸಿಕ್ಕರೂ ಹಿಡಿದು ನಿಲ್ಲಿಸಿ ನನ್ನ ಕೇಸಿನ ಕಥೆ ಹೇಳುತ್ತೇನಂತೆ. ಅದು ಸುತ್ತಿ ಬಳಸಿ ಎದುರು ವಕೀಲ ಆತ್ರೇಯರ ಕಿವಿಗೆ ಬಿದ್ದು, ಪಾಟೀಸವಾಲಿನಲ್ಲಿ ಅವರು ನನ್ನ ಮಾತಿನಿಂದಲೇ ನನಗೆ ಬಾರಿಸುತ್ತಾರಂತೆ.

"ಶಾಂತರಾಜು ಅವ್ರೇ, ನಾಲಿಗೆ ತುರಿಸಿದ್ರೆ ಮಾತಾಡ್ಬೇಡಿ, ಬರ್ಕೊಳ್ಳಿ," ಎಂದರು ನನ್ನ ವಕೀಲರಾದ ಪ್ರಿಯಂವದಾ ಮೇಡಂ. "ಬರೆದಿದ್ದನ್ನ ಯಾರಿಗೂ ತೋರಿಸ್ಬೇಡಿ. ದಯವಿಟ್ಟು ನನಗೂ ತೋರಿಸ್ಬೇಡಿ."

ಹಿರೀಸಾವೆಯಲ್ಲಿ ಬಸ್ಸು ನಿಂತಲ್ಲೆಲ್ಲ ಓಡಿ ಸೌತೆಕಾಯಿ ಮಾರುತ್ತಿದ್ದವನು ಇವತ್ತು ನಾಲ್ಕು ತಾಲ್ಲೂಕಿಗೆ ಶಾಮಿಯಾನ, ಪಾತ್ರೆ ಬಾಡಿಗೆಗೆ ಕೊಡುವವನಾಗಿದ್ದರೆ ಅದು ಈ ನಾಲಿಗೆಯ ದುಡಿಮೆ. ಅದಕ್ಕೇ ಬೀಗ ಹಾಕು ಎಂದರೆ ಅಂಗಡಿ ಮುಚ್ಚು ಎಂದಂತೆ. ಇರಲಿ. ಬರೆದು ನೋಡೋಣ.

ಕೇಸು ಒಂದು ಕೊಪ್ಪರಿಗೆಯದು. ಸಾವಿರ ಎಲೆಗೆ ಹುಳಿ ಬೇಯುವ ತಾಮ್ರದ ಕೊಪ್ಪರಿಗೆ. ನಾನು, ಪ್ರತಿವಾದಿ ಇಬ್ಬರೂ ಪಾಲುದಾರರಾಗಿ ಈ ದಂಧೆ ಶುರು ಮಾಡಿದವರು. ಹದಿನಾಲ್ಕು ವರ್ಷದ ಹಿಂದೆ ಬೇರೆಯಾದೆವು. ನಮ್ಮಲ್ಲಿ ಸಾಮಾನನ್ನು ತೂಗುವುದಿಲ್ಲ, ನಗದ ಲೆಕ್ಕದಲ್ಲಿ ಎಣಿಸುತ್ತೇವೆ. ಸೌಟೂ ಒಂದು ನಗ, ಹಂಡೆಯೂ ಒಂದು ನಗ. ಪಾಲಿನ ದಿನವೂ ಅಭ್ಯಾಸ ಬಿಡಲಿಲ್ಲ. ಅವನಿಗೊಂದು, ನನಗೊಂದು ಎಂದು ಎಣಿಸುತ್ತ ಬಂದು ಕಡೆಗೆ ಎರಡೇ ನಗ ಉಳಿದವು. ಕೊಪ್ಪರಿಗೆ ಅವನ ಕಡೆ ಹೋಯಿತು, ಅದರ ಮುಚ್ಚಳ ನನ್ನ ಕಡೆ ಬಂತು. ಲೆಕ್ಕ ಸರಿಹೋಯಿತು ಎಂದು ಇಬ್ಬರೂ ಖುಷಿಯಾಗಿ ಕಾಫಿ ಕುಡಿದೆವು. ಮುಚ್ಚಳ ಹೊತ್ತು ಮನೆಗೆ ಬಂದಾಗ ಹೆಂಡತಿ ಜಯಲಕ್ಷ್ಮಮ್ಮ ಕೇಳಿದಳು: "ಇದ ಯಾವುದ್ಕೆ ಮುಚ್ಚೀರಿ?"

ಮಾರನೆಯ ದಿನವೇ ವಕೀಲರ ಮನೆಗೆ ಹೋದೆ. ಮುಚ್ಚಳ ಯಾರದೋ ಪಾತ್ರೆಯೂ ಅವರದು ಎಂಬುದು ನನ್ನ ವಾದ. ಪಾತ್ರೆ ಯಾರದೋ ಮುಚ್ಚಳವೂ ಅವರದು ಎಂಬುದು ಅವನ ವಾದ. ತೀರ್ಪು ಬರುವವರೆಗೆ ಯಥಾಸ್ಥಿತಿ ಎಂದು ಆದೇಶವಾಯಿತು. ಅಂದಿನಿಂದ ಕೊಪ್ಪರಿಗೆ ಅವನ ಗೋಡೌನಿನಲ್ಲಿ ಬಾಯಿ ತೆರೆದು ಕೂತಿದೆ, ಮುಚ್ಚಳ ನನ್ನ ಅಟ್ಟದಲ್ಲಿ ಮಕಾಡೆ ಮಲಗಿದೆ.

ಪ್ರತಿವಾದಿಯ ಹೆಸರು ತಮ್ಮಯ್ಯ. ಆ ಹೆಸರನ್ನು ಇಲ್ಲಿ ಬರೆಯುವುದು ಇದೇ ಮೊದಲು, ಇದೇ ಕಡೆ.

ಜುಲೈ 7, ಸೋಮವಾರ

ವಾಯಿದೆ. ಇವತ್ತಿನ ಕೇಸುಗಳ ಪಟ್ಟಿ ಫಲಕದಿಂದ ನೆಲದವರೆಗೆ ಇಳಿದಿತ್ತು. ಒಳಗೆ ಬೆಂಚ್ ಕ್ಲರ್ಕ್ ಫೈಲುಗಳ ಹಿಂದೆ ಎಲ್ಲಿದ್ದಾರೆ ಎಂದು ಕಾಣಲಿಲ್ಲ, ಕೆಮ್ಮು ಕೇಳಿತು.

ನಾವು ಮಾತು ಬಿಟ್ಟವರು. ನೇರ ಮಾತಾಡುವ ಹಾಗಿಲ್ಲ. ಅದಕ್ಕೇ ಪಡಸಾಲೆಯ ಮೂಲೆ ಕಂಬದ ಜೊತೆ ಮಾತಾಡುತ್ತೇವೆ.

"ಲೇ ಕಂಬ," ಎಂದ ಪ್ರತಿವಾದಿ, "ಕೆಲವ್ರು ಇವತ್ತು ಇಸ್ತ್ರಿ ಅಂಗಿ ಆಕ್ಕೊಂಡ್ ಬಂದವ್ರೆ. ಜಡ್ಜು ಒಸಬ್ರು ಅಂತ ಸುದ್ದಿ ಮುಟ್ಟೈತೆ ಕಣ್ಲಾ."

"ಕಂಬಪ್ಪಾ," ಎಂದೆ ನಾನು, "ಕೆಲವ್ರು ಗುಂಡಿನೇ ಮೇಲ್ಕೆಳಗೆ ಆಕ್ಕೊಂಡವ್ರೆ ಅಂತ ಯೋಳು. ಕನ್ನಡಿ ಕಾಣ್ಲಿಲ್ವೋ, ಕಣ್ಣೇ ಕಾಣ್ಲಿಲ್ವೋ."

ನಡುವೆ ಹಿರೀಸಾವೆಯ ಹೊನ್ನಕ್ಕ ಕೂತಿದ್ದಳು. ಅವಳ ಗಂಡ ಹೆದ್ದಾರಿ ದಾಟುವಾಗ ಲಾರಿಗೆ ಸಿಕ್ಕಿ ಹೋದ. ಪರಿಹಾರದ ಅರ್ಜಿ ನಮ್ಮ ಕೇಸಿನ ಕೆಳಗೇ ಬರುತ್ತದೆ, ಪ್ರತಿ ಸಲ.

"ಆ ಕಂಬ ಒಂದಿನ ಬಿದ್ದೋಯ್ತದೆ ಕಣ್ರಪ್ಪಾ, ನಿಮ್ ಮಾತ್ ಕೇಳಿ," ಎಂದಳು. "ನಿಮ್ ಕೊಪ್ಪರಿಗೆ ಬೆಂದು ಎಲೆಗೆ ಬೀಳೋ ಒತ್ಗೆ ಊಟದ್ ಬೆಲ್ಲು ಒಡೀತದೆ. ಆಮೇಲೆ ನನ್ ಪಾಳಿ ಮುಂದಿನ್ ತಿಂಗ್ಳಿಗೆ. ಅಲ್ಲ, ಅದ್ರಾಗೆ ಒಂದಿನನಾದ್ರೂ ಒಂದ್ ಸೌಟು ನಂಗ್ ಬಡ್ಸಿದ್ದೀರಾ?"

ಅವಳು ಹೇಳಿದಂತೆಯೇ ಆಯಿತು. ಹೊಸ ನ್ಯಾಯಾಧೀಶೆ ಚಿಕ್ಕ ವಯಸ್ಸಿನವರು. ಹಿಂದಿನವರೆಲ್ಲ ವರ್ಗವಾಗಿ ಹೋದುದರಿಂದ ಇವರಿಗೂ ಮುಚ್ಚಳದ ಕಥೆ ಮೊದಲಿಂದ ಹೇಳಬೇಕಾಯಿತು. ಆತ್ರೇಯರು ಪಾತ್ರೆಗೂ ಮುಚ್ಚಳಕ್ಕೂ ಇರುವ ಕಾನೂನು ಸಂಬಂಧದ ಮೇಲೆ ಊಟದ ಹೊತ್ತಿನವರೆಗೆ ಮಾತಾಡಿದರು. ಜಡ್ಜಮ್ಮ ಕೇಳಿಸಿಕೊಂಡು, ಕ್ಲರ್ಕನ್ನು ಕೇಳಿದರು:

"ಈ ಕೋರ್ಟಲ್ಲಿ ಎಲ್ಲಕ್ಕಿಂತ ಹಳೇ ದಾವೆ ಯಾವುದು?"

ಕ್ಲರ್ಕ್ ನಮ್ಮ ಫೈಲನ್ನೇ ಎರಡೂ ಕೈಯಲ್ಲಿ ಎತ್ತಿ ತೋರಿಸಿದರು. ನನಗೆ ಕೊಂಚ ಹೆಮ್ಮೆಯೇ ಆಯಿತು.

"ಸೆಪ್ಟೆಂಬರಿನಲ್ಲಿ ಲೋಕ ಅದಾಲತ್ ಇದೆ. ಕೂತು ರಾಜಿ ಮಾಡ್ಕೊಳ್ತೀರಾ?"

"ಇಲ್ಲ," ಎಂದೆ. "ಇಲ್ಲ," ಎಂದ ಪ್ರತಿವಾದಿ. ಹದಿನಾಲ್ಕು ವರ್ಷದಲ್ಲಿ ನಾವಿಬ್ಬರೂ ಒಂದೇ ಮಾತು ಹೇಳಿದ್ದು ಇದೇ ಮೊದಲು.

ಹೊನ್ನಕ್ಕನ ಪಾಳಿ ಮುಂದಿನ ತಿಂಗಳಿಗೆ ಹೋಯಿತು.

ಜುಲೈ 14, ಸೋಮವಾರ

ಇವತ್ತು ನನಗೆ ವಾಯಿದೆ ಇರಲಿಲ್ಲ. ಆ ಕಡೆ ಕೆಲಸವಿತ್ತು ಎಂದು ಕೋರ್ಟಿಗೆ ಹೋದೆ. (ಯಾವ ಕೆಲಸ ಎಂದು ಜಯಲಕ್ಷ್ಮಮ್ಮ ಕೇಳಿದಳು. ಎಲ್ಲದಕ್ಕೂ ಉತ್ತರ ಕೊಡುತ್ತ ಕೂರಲಾಗುವುದಿಲ್ಲ.)

ಪಡಸಾಲೆಯಲ್ಲಿ ಹೊಳೆನರಸೀಪುರ ಕಡೆಯ ಅಣ್ಣತಮ್ಮಂದಿರು, ಕೆಂಪಣ್ಣ ಮತ್ತು ನಾಗೇಶ್, ಒಬ್ಬರನ್ನೊಬ್ಬರು ಹಿಡಿದುಕೊಂಡಿದ್ದರು, ಪ್ರೀತಿಗಲ್ಲ. ಇಲ್ಲಿನ ಅವರ ಸೈಟಿನ ನಡುಗೋಡೆ ಅಣ್ಣನ ಕಡೆಗೆ ಒಂದು ಗೇಣು ಸರಿದಿದೆಯೆಂದು ಕೇಸು. ನನಗೆ ಇಬ್ಬರೂ ಗೊತ್ತು. ನಾಲ್ಕು ತಾಲ್ಲೂಕಿನಲ್ಲಿ ನನಗೆ ಗೊತ್ತಿಲ್ಲದ ಮನೆ ಯಾವುದು? ಪಾತ್ರೆ ಕೊಟ್ಟು, ಉಂಡಾದ ಮೇಲೆ ಎಣಿಸಿಕೊಂಡು ಬರುವವನಿಗೆ ಯಾರು ನಗುತ್ತ ಹೋದರು, ಯಾರು ಎಲೆ ಬಿಟ್ಟು ಎದ್ದರು ಎಲ್ಲ ಕಾಣುತ್ತದೆ.

"ಕೆಂಪಣ್ಣ," ಎಂದೆ, "ನಿಜ ಯೋಳು. ಗ್ವಾಡೆ ಅಲ್ಲ ಅಲ್ವಾ? ಬಾಡು ಅಲ್ವಾ?"

ಅವನು ತಮ್ಮನ ಕಾಲರು ಬಿಟ್ಟ.

"ನಾಗೇಶನ ಮಗಳ ಬೀಗರೂಟದಾಗೆ ನಿನ್ನ ಕಡೇ ಪಂಕ್ತಿಗೆ ಕೂರ್ಸಿದ್ರು. ಮುದ್ದೆ ಬಂತು, ಬರೀ ಎಸರು ಬಂತು. ಸೌಟಾಗೆ ಕೆದಕಿ ಕೆದಕಿ ನೋಡುದ್ರೂ ಒಂದ್ ಚೂರು ಮಾಂಸ ಸಿಗ್ಲಿಲ್ಲ. ನೀನು ಕೈ ತೊಳ್ಕೊಂಡು ಸೀದಾ ನಮ್ಮ ಗಾಡಿ ತಾವ ಬಂದು ನಿಂತಿದ್ದೆ."

"ಮನೆಗ್ ಇರೀಕ ನಾನು," ಎಂದ ಕೆಂಪಣ್ಣ. "ಬೀಗ್ರ ಡ್ರೈವರ್‌ಗೆ ನಲ್ಲಿಮೂಳೆ ಆಕುದ್ರು ಕಣಣ್ಣ. ಡ್ರೈವರ್‌ಗೆ!"

"ಅಯ್ಯೋ, ಅದ್ಕಾ?" ಎಂದ ನಾಗೇಶ. "ನಂಗೆ ಯೋಳ್ಬಾರದಾ ಅಣ್ಣಯ್ಯ? ಗ್ವಾಡೆ ಅಳ್ತೆ ಮಾಡ್ಸಿ ಮಾಡ್ಸಿ ನಾನು ಕೋರ್ಟ್ ಅಮೀನ್ರಿಗೆ ಎಷ್ಟ್ ಸಲ ಊಟ ಆಕ್ಸುದ್ನೋ! ಆ ಬಾಡೆಲ್ಲ ನಿಂಗೇ ಆಕ್ಬೌದಿತ್ತು."

ಮುಂದಿನ ಭಾನುವಾರ ಮೊದಲ ಎಲೆ ಕೆಂಪಣ್ಣನಿಗೆ ಎಂದು ತೀರ್ಮಾನವಾಯಿತು. ಗೋಡೆ ಇದ್ದಲ್ಲೇ ಇರಲಿ ಎಂದು ಇಬ್ಬರೂ ರಾಜಿ ಅರ್ಜಿ ಬರೆಸಲು ಹೋದರು. ಈ ಸುದ್ದಿಯನ್ನು ಕ್ಲರ್ಕ್ ಒಳಗೆ ಮುಟ್ಟಿಸಿದ್ದಾರೆ. ಸಂಜೆ ಜಡ್ಜಮ್ಮ ಚೇಂಬರಿಗೆ ಕರೆಸಿದರು. ಕಾನೂನು ಸೇವಾ ಸಮಿತಿಗೆ ಸ್ವಯಂಸೇವಕರು ಬೇಕಂತೆ. ಕೋರ್ಟಿಗೆ ಬಂದವರ ಜೊತೆ ಮಾತಾಡಿ, ರಾಜಿಗೆ ಒಪ್ಪುವಂಥವರನ್ನು ಅದಾಲತ್ತಿಗೆ ಕರೆತರಬೇಕಂತೆ.

"ನೀವು ಚೆನ್ನಾಗಿ ಮಾತಾಡ್ತೀರಿ," ಎಂದರು.

ಸರ್ಕಾರಿ ಬಾಯಿಂದ ಇಂಥ ಮಾತು ನಾನು ಕೇಳಿರಲಿಲ್ಲ.

ಜುಲೈ 15, ಮಂಗಳವಾರ

ಒಪ್ಪಿಕೊಂಡೆ. ಲೆಕ್ಕ ಸರಳ. ಜಡ್ಜಮ್ಮನ ಕಣ್ಣಲ್ಲಿ ಒಳ್ಳೆಯವನಾದರೆ, ನಾಳೆ ತೀರ್ಪು ಬರೆಯುವಾಗ ಪೆನ್ನು ತಾನೇ ಮುಚ್ಚಳದ ಕಡೆ ವಾಲುತ್ತದೆ. ಪ್ರಿಯಂವದಾ ಮೇಡಂಗೆ ಹೇಳಿದೆ.

"ಅದು ಹಾಗೆ ನಡೆಯಲ್ಲ, ಶಾಂತರಾಜು ಅವ್ರೇ."

ನಡೆಯುವುದಿಲ್ಲ ಎನ್ನುವುದು ಅವರ ವೃತ್ತಿ. ನಡೆಸುವುದು ನನ್ನದು.

ಜುಲೈ 26, ಶನಿವಾರ

ಹಾಸನದಲ್ಲಿ ತರಬೇತಿ. ಉಪ್ಪಿಟ್ಟು ಚೆನ್ನಾಗಿತ್ತು, ಬಡಿಸುವವರಿಗೆ ಕೈ ಸಾಲದು. ಎದುರಿನವರ ಮಾತನ್ನು ಹೇಗೆ ಕೇಳಿಸಿಕೊಳ್ಳಬೇಕು ಎಂದು ಒಬ್ಬರು ಮೇಡಂ ಪಾಠ ಮಾಡಿದರು. ಇಬ್ಬಿಬ್ಬರು ಎದುರುಬದುರು ಕೂರಬೇಕು, ಒಬ್ಬ ಮಾತಾಡಬೇಕು, ಇನ್ನೊಬ್ಬ ಸ್ವಲ್ಪ ಹೊತ್ತು ಬಾಯಿ ತೆರೆಯದೆ ಕೇಳಬೇಕು. ಇಡೀ ಹಾಲಿನಲ್ಲಿ ನಪಾಸಾದವನು ನಾನೊಬ್ಬನೇ. ನನ್ನೆದುರು ಕೂತ ಸಾಲಗಾಮೆಯ ಮನುಷ್ಯ ತನ್ನ ಹಸುವಿನ ಕಥೆಯನ್ನು ಅಷ್ಟು ತಪ್ಪಾಗಿ ಹೇಳುತ್ತಿದ್ದರೆ ತಿದ್ದದೆ ಹೇಗಿರುವುದು?

ಕೊರಳಿಗೆ ಹಾಕಿಕೊಳ್ಳುವ ಗುರುತಿನ ಕಾರ್ಡು ಕೊಟ್ಟರು. ಫೋಟೋದಲ್ಲಿ ನಾನು ಮಾತಾಡುತ್ತಿದ್ದೇನೆ.

ಆಗಸ್ಟ್ 2, ಶನಿವಾರ

ಅರಕಲಗೂಡು. ಬಚ್ಚಲು ನೀರಿನ ಕೇಸು. ಇತ್ತ ಕಡೆ ನಿವೃತ್ತ ಮೇಷ್ಟರು, ಅತ್ತ ಕಡೆ ಶುಂಠಿ ವ್ಯಾಪಾರದ ಪೃಥ್ವಿರಾಜ್. ಇವನ ಬಚ್ಚಲ ನೀರು ಅವರ ತುಳಸಿಕಟ್ಟೆಗೆ ಹರಿಯುತ್ತದೆ. ಬೆಳಗಿನಿಂದ ಮಾತಾಡಿ ಮಾತಾಡಿ ಒಪ್ಪಿಸಿದೆ. ಇವನು ಪೈಪು ಹಾಕಿಸುವುದು, ಅವರು ದೂರು ವಾಪಸು ತೆಗೆಯುವುದು. ಮೇಷ್ಟರು ಪೆನ್ನಿನ ಕ್ಯಾಪು ತೆಗೆದರು.

ಅಲ್ಲಿಗೆ ನಿಲ್ಲಬೇಕಿತ್ತು. ನನ್ನ ನಾಲಿಗೆ ನಿಲ್ಲಲಿಲ್ಲ.

"ನೋಡಿ ಮೇಷ್ಟ್ರೇ, ಇಷ್ಟು ಸುಲಭದ ಲೆಕ್ಕ ಬಿಡ್ಸಕ್ಕೆ ನಿಮಗೆ ಆರು ವರ್ಷ ಬೇಕಾಯ್ತಲ್ಲ!"

ಪೃಥ್ವಿರಾಜ್ ನಕ್ಕುಬಿಟ್ಟ. ಮೇಷ್ಟರು ಕ್ಯಾಪು ಮತ್ತೆ ಹಾಕಿದರು. "ಹೈಕೋರ್ಟಿಗಾದ್ರೂ ಹೋಗ್ತೀನಿ," ಎಂದು ಕೊಡೆ ತೆಗೆದುಕೊಂಡು ಎದ್ದರು.

ಬಸ್ಸಿನಲ್ಲಿ ಸೀಟು ಸಿಕ್ಕಿತು. ಪಕ್ಕದಲ್ಲಿ ಕೂತವರ ಜೊತೆ ಮಾತಾಡಲಿಲ್ಲ.

ಆಗಸ್ಟ್ 11, ಸೋಮವಾರ

ವಾಯಿದೆ. ಪ್ರತಿವಾದಿ ಬರಲಿಲ್ಲ.

ಕರೆಯುವವನು ಅವನ ಹೆಸರನ್ನು ಮೂರು ಸಲ ಕೂಗಿದ. ನಾನು ಕಂಬದ ಹಿಂದೆಯೂ ನೋಡಿದೆ. ಆತ್ರೇಯರು ಎದ್ದು "ಕಕ್ಷಿದಾರರಿಗೆ ಆರೋಗ್ಯವಿಲ್ಲ" ಎಂದು ಅರ್ಜಿ ಹಾಕಿದರು. ಎಂಥ ಅನಾರೋಗ್ಯ ಎಂದು ಜಡ್ಜಮ್ಮ ಕೇಳಬೇಕೋ ಬೇಡವೋ? ಕೇಳಲಿಲ್ಲ. ಪಟ್ಟಿ ಅಷ್ಟುದ್ದವಿದ್ದಾಗ ಅವರಾದರೂ ಯಾರ ಜ್ವರ ಎಂದು ಕೇಳಿಯಾರು.

"ಒಳ್ಳೇದೇ ಆಯ್ತು," ಎಂದರು ಪ್ರಿಯಂವದಾ ಮೇಡಂ. "ಹೀಗೇ ಬರದೇ ಹೋದ್ರೆ ಏಕಪಕ್ಷೀಯ ತೀರ್ಪು ಕೇಳ್ಬಹುದು. ಕೊಪ್ಪರಿಗೆ ನಿಮ್ದೇ."

ನಮ್ಮ ಕೇಸು ಬೇಗ ಮುಗಿದುದರಿಂದ ಹೊನ್ನಕ್ಕನ ಪಾಳಿ ಊಟಕ್ಕೆ ಮುಂಚೆಯೇ ಬಂತು. ವಿಮೆ ಕಂಪನಿಯ ವಕೀಲರೂ ಇದ್ದರು. ಅದಾಲತ್ತಿನಲ್ಲಿ ಕೂತು ಮಾತಾಡುತ್ತೇವೆ ಎಂದು ಬರೆದುಕೊಟ್ಟರಂತೆ. ಅವಳು ಹೊರಗೆ ಬಂದು ನನ್ನನ್ನು ನೋಡಿದಳು.

"ಯಾಕಪ್ಪಾ, ಮಕ ಇಂಗೈತೆ? ಅವ್ನು ಬರ್ಲಿಲ್ಲ, ನೀನು ಗೆದ್ದಂಗೇ ತಾನೇ?"

"ಊಂ. ಗೆದ್ದಂಗೇ."

"ಅಂಗಾದ್ರೆ ಆ ಕಂಬ ಯಾಕ್ ತಬ್ಕೊಂಡ್ ನಿಂತಿದ್ದೀಯ?"

ತಬ್ಬಿಕೊಂಡಿರಲಿಲ್ಲ. ಒರಗಿದ್ದೆ.

ಆಗಸ್ಟ್ 12, ಮಂಗಳವಾರ

ಪ್ರತಿವಾದಿಯ ಗೈರುಹಾಜರಿಗೆ ಕಾರಣವೇನೆಂದು ತಿಳಿದುಕೊಳ್ಳುವುದು ವಾದಿಯ ಹಿತಕ್ಕೆ ಒಳ್ಳೆಯದು. ಸುಳ್ಳು ಕಾರಣವಾದರೆ ಕೋರ್ಟಿಗೆ ತಿಳಿಸಬಹುದು. ಆದ್ದರಿಂದ ವಿಚಾರಿಸಿದೆ. ಅವನ ಅಂಗಡಿಯ ಬಾಗಿಲಲ್ಲಿ ಮಗಳು ರಂಜಿನಿ ಸಿಕ್ಕಿದಳು. ಅಪ್ಪನಿಗೆ ಕಣ್ಣಿನ ಪೊರೆ, ಹಾಸನದಲ್ಲಿ ಆಪರೇಷನ್ನು ಆಗಿದೆ, ನಾಡಿದ್ದು ತೋರಿಸಲು ಮತ್ತೆ ಹೋಗಬೇಕು ಎಂದಳು. ಆ ಆಸ್ಪತ್ರೆ ಎಲ್ಲಿದೆ ಎಂದು ಕೇಳಿದೆ. ಅದೂ ಕಾನೂನಿನ ದೃಷ್ಟಿಯಿಂದಲೇ.

ಆಗಸ್ಟ್ 14, ಗುರುವಾರ

ಹಾಸನಕ್ಕೆ ಹೋಗಿದ್ದೆ. ಶಾಮಿಯಾನದ ಬಟ್ಟೆ ನೋಡಲು. ದಾರಿಯಲ್ಲೇ ಸಿಗುತ್ತದೆಂದು ಕಣ್ಣಾಸ್ಪತ್ರೆಗೂ ಹೋದೆ.

ಪ್ರತಿವಾದಿ ವರಾಂಡದ ಬೆಂಚಿನಲ್ಲಿ ಒಬ್ಬನೇ ಕೂತಿದ್ದ. ಒಂದು ಕಣ್ಣಿಗೆ ಪಟ್ಟಿ, ಇನ್ನೊಂದು ಕಣ್ಣಿಗೆ ಪೊರೆ ಹಾಗೇ ಇದೆ. ರಂಜಿನಿ ಔಷಧಿ ತರಲು ಹೋಗಿರಬೇಕು. ಸದ್ದಾಗದಂತೆ ಬೆಂಚಿನ ಈ ತುದಿಯಲ್ಲಿ ಕೂತೆ.

"ಯಾರ್ ಸಾ?" ಎಂದ.

ಬಾಯಿ ತೆರೆದರೆ ಗುರುತು ಸಿಗುತ್ತದೆ. "ಹ್ಞೂಂ," ಎಂದೆ, ಮೂಗಿನಲ್ಲಿ.

"ನಿಮ್ದೂ ಪೊರೆನಾ?"

"ಹ್ಞೂಂ."

"ನಂದು ಸೋಮ್ವಾರ ಕೋರ್ಟಲ್ಲಿ ವಾಯ್ದೆ ಇತ್ತು ಸಾ, ತಪ್ಪೋಯ್ತು. ಎದ್ರು ಪಾರ್ಟಿ ಒಬ್ಬವ್ನೆ. ಬಾಯಿ ಅಂದ್ರೆ ಬಾಯಿ ಸಾ ಅದು. ಸುಮ್ಕಿರಪ್ಪಾ ಅಂದ್ರೆ, ಯಾಕ್ ಸುಮ್ಕಿರ್ಬೇಕು ಅಂತ ಅರ್ಧ ಗಂಟೆ ಯೋಳ್ತಾನೆ."

ನಾನು ಗೋಡೆಯ ಮೇಲಿನ ಕಣ್ಣಿನ ಚಿತ್ರ ನೋಡುತ್ತ ಹಲ್ಲು ಕಚ್ಚಿ ಹಿಡಿದೆ.

"ಆದ್ರೆ ಒಂದ್ ಮಾತ್ ಯೋಳ್ಬೇಕು ಸಾ. ಸಾಮಾನ್ ಎಣ್ಸಕ್ ನಿಂತ್ರೆ ಒಂದ್ ಚಮಚ ತಪ್ತಿರ್ಲಿಲ್ಲ. ಅವ್ನು 'ಒಂದು' ಅನ್ನೋನು, ನಾನು 'ಎಲ್ಡು' ಅನ್ನೋನು, ಅವ್ನು 'ಮೂರು' ಅನ್ನೋನು. ಎಲ್ಡು ಬಾಯಲ್ಲಿ ಎಣ್ಸಿದ್ರೇನೇ ಲೆಕ್ಕ ನಿಲ್ಲೋದು ಸಾ. ಈಗ ನಾನೊಬ್ನೇ ಎಣುಸ್ತೀನಿ. ನಡುವೆ ಎಲ್ಲೋ ತಪ್ಪೋಯ್ತದೆ. ಮತ್ತೆ ಮೊದ್ಲಿಂದ."

ನಾನು ಬೆಂಚಿನ ಹಲಗೆಗಳನ್ನು ಬೆರಳಲ್ಲೇ ಎಣಿಸಿದೆ, ಒಂದು, ಮೂರು, ಐದು. ಎಷ್ಟು ಹೊತ್ತು ಕೂತೆವೋ. ತರಬೇತಿಯ ಮೇಡಂ ಅಲ್ಲಿ ಇದ್ದಿದ್ದರೆ ನನ್ನನ್ನು ಪಾಸು ಮಾಡುತ್ತಿದ್ದರು. ದೂರದಲ್ಲಿ ರಂಜಿನಿ ಬರುವುದು ಕಂಡು ಮೆಲ್ಲಗೆ ಎದ್ದೆ. ಬಾಗಿಲ ತನಕ ಹೋಗಿದ್ದೆ, ಹಿಂದಿನಿಂದ ಮಾತು ಕೇಳಿತು.

"ಲೇ ಗ್ವಾಡೆ, ನಂಗೆ ಕೆಟ್ಟಿರೋದು ಕಣ್ಣು, ಕಿವಿ ಅಲ್ಲ ಕಣ್ಲಾ. ಆ ಎಕ್ಕಡದ ಸದ್ದು ಯಾರ್ದು ಅಂತ ನಂಗೊತ್ತಿಲ್ವಾ? ಮುಂದಿನ್ ವಾಯ್ದೆಗ್ ಬತ್ತೀನಿ ಅಂತ ಯೋಳ್ಬುಡು ಅವ್ನಿಗೆ."

ಗೋಡೆಯ ಮೂಲಕ ಬಂದ ಮಾತು ಸಾಕ್ಷ್ಯವಾಗಿ ನಿಲ್ಲುವುದಿಲ್ಲ. ಆದರೂ ಬರೆದಿಟ್ಟಿದ್ದೇನೆ.

ಶಾಮಿಯಾನದ ಬಟ್ಟೆ ನೋಡಲು ಮರೆತೆ.

ಆಗಸ್ಟ್ 25, ಸೋಮವಾರ

ಹೊಳೆನರಸೀಪುರ. ಶೀತ ಹಿಡಿದು ಗಂಟಲು ಪೂರ್ತಿ ಕಟ್ಟಿತ್ತು. ಇಂಥ ದಿನವೇ ಮೂರು ಕೇಸು ಕೊಟ್ಟರು. ನಾದಿನಿ ಅತ್ತಿಗೆಯರ ಒಂದು, ಬ್ಯಾಂಕಿನದು ಒಂದು, ಹೊಲಕ್ಕೆ ಹೋಗುವ ಗಾಡಿ ದಾರಿಯದು ಒಂದು. ನಾನು ಮಾಡಿದ್ದಿಷ್ಟೇ: ಮುಂದೆ ಕೂತೆ, ತಲೆಯಾಡಿಸಿದೆ, ಬಿಸಿನೀರು ಕುಡಿದೆ. ಅವರೇ ಹೇಳಿದರು, ಅವರೇ ಅತ್ತರು, ಬೈದರು, ಮತ್ತೆ ಅವರೇ "ಆಯ್ತು ಬುಡಿ, ಅಂಗೇ ಮಾಡವ" ಎಂದರು. ಮೂರೂ ಅದಾಲತ್ತಿಗೆ ಒಪ್ಪಿಕೊಂಡವು.

ಕೊರಳಿನ ಕಾರ್ಡಿನ ಮಹಿಮೆ ಇರಬೇಕು.

ಗಂಟಲು ಸರಿಯಾದ ಮೇಲೆ ಅರಕಲಗೂಡಿನ ಮೇಷ್ಟರ ಮನೆಗೂ ಒಮ್ಮೆ ಹೋಗಿ ಬರಬೇಕು. ಅಥವಾ ಗಂಟಲು ಸರಿಯಾಗುವ ಮುಂಚೆಯೇ.

ಸೆಪ್ಟೆಂಬರ್ 8, ಸೋಮವಾರ

ವಾಯಿದೆ. ತಮ್ಮಯ್ಯ ಬಂದಿದ್ದ, ಕಪ್ಪು ಕನ್ನಡಕ ಹಾಕಿಕೊಂಡು. ಅಂಗಿ ಗುಂಡಿ ಸರಿಯಾಗಿದ್ದವು. ನಾನು ಕಂಬಕ್ಕೆ ಅದನ್ನು ಹೇಳಿದೆ.

"ಕಂಬಾ," ಎಂದ, "ಒಸ ಕಣ್ಣು ಬಂದ್ಮೇಲೆ ನೋಡ್ತೀನಿ, ಕೆಲವ್ರಿಗೆ ತಲೆಗೂದ್ಲೇ ಇಲ್ಲ ಕಣ್ಲಾ! ಇಷ್ಟ್ ದಿನ ಐತೆ ಅಂತ್ಲೇ ತಿಳ್ಕಂಡಿದ್ದೆ."

ಹೊನ್ನಕ್ಕ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು.

ಒಳಗೆ ಜಡ್ಜಮ್ಮ ನನ್ನ ಕಾರ್ಡನ್ನೇ ನೋಡಿದರು. "ಶಾಂತರಾಜು ಅವರೇ, ನಾಲ್ಕು ತಾಲ್ಲೂಕಿನವರಿಗೆ ರಾಜಿ ಆಗಿ ಅಂತ ಹೇಳ್ತೀರಿ. ನಿಮ್ಮ ಕೇಸಿನ ವಿಷಯ ಯಾರಾದ್ರೂ ಕೇಳಿದ್ರೆ ಏನ್ ಹೇಳ್ತೀರಿ?"

"ಯಾರೂ ಕೇಳಿಲ್ಲ ಮೇಡಂ."

"ನಾನು ಕೇಳ್ತಾ ಇದ್ದೀನಿ. ನಿಮ್ಮ ಕೊಪ್ಪರಿಗೆ ವಾದ ಕೇಳೋ ಹೊತ್ತಿಗೆ ಆ ಹೊರಗೆ ಕೂತಿರೋ ಅಮ್ಮನ ಕೇಸು ಎಷ್ಟು ಸಲ ಮುಂದಕ್ಕೆ ಹೋಗಿದೆ ಗೊತ್ತಾ? ಶನಿವಾರ ಅದಾಲತ್ತಿಗೆ ಇಬ್ಬರೂ ಬನ್ನಿ. ಒಪ್ಪೋದು ಬಿಡೋದು ನಿಮಗೆ ಬಿಟ್ಟಿದ್ದು."

ನನಗೆ ಉತ್ತರ ಹೊಳೆಯಿತು, ಒಳ್ಳೆಯ ಉತ್ತರವೇ. ಅದರ ಬದಲು ಕೊರಳಿನ ಕಾರ್ಡನ್ನು ಅಂಗಿಯೊಳಗೆ ತೂರಿಸಿದೆ. ಯಾಕೋ ಗೊತ್ತಿಲ್ಲ.

ಸೆಪ್ಟೆಂಬರ್ 12, ಶುಕ್ರವಾರ

ಅಟ್ಟದಿಂದ ಮುಚ್ಚಳ ಇಳಿಸಿದೆ.

"ನಾಳೆ ಅವ್ರಿಗೆ ಕೊಟ್ಬುಡಕ್ಕಾ?" ಎಂದಳು ಜಯಲಕ್ಷ್ಮಮ್ಮ.

"ಧೂಳು ಒಡಿಯಕ್ಕೆ."

"ಹುಣಸೆಹಣ್ಣೂ ತಂದು ಇಟ್ಕೊಂಡಿದ್ದೀರಲ್ಲ."

ಅವಳೂ ಬಂದು ಕೂತು ತಿಕ್ಕಿದಳು. ತಾಮ್ರ ಎಂದರೆ ಏನು ಬಣ್ಣ ಎಂಬುದು ಮರೆತೇ ಹೋಗಿತ್ತು. ಮುಚ್ಚಳ ಕೊಟ್ಟರೆ ಕೇಸು ಸೋತಂತೆ. ಕೊಡದಿದ್ದರೆ ಹೊನ್ನಕ್ಕನಂಥವರ ಮುಂದೆ ಆ ಬೆಂಚಿನಲ್ಲಿ ಇನ್ನೆಷ್ಟು ವರ್ಷ ಕೂರುವುದು? ಈ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದೆ. ಸೋಲೇ ಅಗ್ಗ. ವ್ಯಾಪಾರಿಯಾಗಿ ಹೇಳುತ್ತಿದ್ದೇನೆ, ಮತ್ತೇನಿಲ್ಲ.

ಸೆಪ್ಟೆಂಬರ್ 13, ಶನಿವಾರ

ಕೋರ್ಟಿನ ಆವರಣದಲ್ಲಿ ಶಾಮಿಯಾನ ಹಾಕಿದ್ದರು (ನನ್ನದಲ್ಲ, ಗಳಗಳು ಸೊಟ್ಟ). ಜಾತ್ರೆಯಷ್ಟು ಜನ. ಗೌನು ತೆಗೆದಿಟ್ಟ ವಕೀಲರು ಮನುಷ್ಯರಂತೆ ಕಾಣುತ್ತಿದ್ದರು. ಜಡ್ಜಮ್ಮ ಒಂದು ಮೇಜಿನ ಹಿಂದೆ, ಪಕ್ಕದಲ್ಲಿ ಸಂಧಾನಕ್ಕೆಂದು ಒಬ್ಬ ಹಿರಿಯ ವಕೀಲರು. ನಮ್ಮ ಹಿಂದಿನ ಸಾಲಿನಲ್ಲಿ ಹೊನ್ನಕ್ಕ.

"ಕೊಪ್ಪರಿಗೆ ಮುಂದಕ್ಕೆ ಓಗ್ಲಿ ಬುಡಿ," ಎಂದಳು. "ಅಬ್ಯಾಸ ಆಗೋಗೈತೆ."

ನಾನು ಎದ್ದು ನಿಂತು, "ಬೇಡ ಮೇಡಂ, ಮೊದಲು ಹೊನ್ನಕ್ಕನದು ಆಗಲಿ," ಎಂದೆ. ತಮ್ಮಯ್ಯ ಕಪ್ಪು ಕನ್ನಡಕ ತೆಗೆದು ನನ್ನನ್ನೇ ನೋಡಿದ. ಹೊನ್ನಕ್ಕನದು ಒಂದು ಲೋಟ ಚಹಾ ಆರುವಷ್ಟರಲ್ಲಿ ಮುಗಿಯಿತು. ವಿಮೆಯವರು ಒಂದು ಹೇಳಿದರು, ಇವಳು ಒಂದು ಹೇಳಿದಳು, ಜಡ್ಜಮ್ಮ ನಡುವೆ ಒಂದು ಹೇಳಿದರು. ಹೆಬ್ಬೆಟ್ಟಿನ ಶಾಯಿಯನ್ನು ಶಾಮಿಯಾನದ ಗಳಕ್ಕೆ ಒರೆಸಿ ಮತ್ತೆ ಬಂದು ಕೂತಳು.

"ಮನೆಗ್ ಓಗಾಕಿಲ್ವಾ ಹೊನ್ನಕ್ಕ?"

"ಇಷ್ಟ್ ವರ್ಸ ಕಾದಿದ್ದೀನಿ. ನಿಮ್ ಊಟ ನೋಡ್ಕಂಡೇ ಓಗಾದು."

ಆಮೇಲೆ ನಮ್ಮದು. ನಾನು ನೆಟ್ಟಗೆ ನಿಂತು ಹೇಳಿದೆ:

"ಮುಚ್ಚಳ ಬಿಟ್ಟುಕೊಡ್ತೀನಿ ಮೇಡಂ. ಕೊಪ್ಪರಿಗೆ ಅವನೇ ಇಟ್ಟುಕೊಳ್ಳಲಿ."

ಪ್ರಿಯಂವದಾ ಮೇಡಂ ಕೈಯಿಂದ ಪೆನ್ನು ಬಿತ್ತು. ಇಷ್ಟಾದ ಮೇಲೆ ತಮ್ಮಯ್ಯ ಸಂತೋಷಪಡಬೇಕೋ ಬೇಡವೋ?

"ಬ್ಯಾಡಿ ಅಮ್ಮಾವ್ರೇ," ಎಂದ. "ಕೊಪ್ಪರಿಗೆ ಅವ್ನಿಗೇ ಬರ್ಕೊಡಿ. ನಂಗ್ ಬ್ಯಾಡ."

"ನಂಗೂ ಬ್ಯಾಡ," ಎಂದೆ.

"ಅವ್ನೇ ಇಟ್ಕಳ್ಳಿ."

"ಅವನೇ ಇಟ್ಟುಕೊಳ್ಳಲಿ."

"ಸಾವ್ರ ಎಲೆ ಅಡುಗೆ ಇವತ್ತು ಯಾರ್ ಮಾಡ್ತಾರೆ ಅಮ್ಮಾವ್ರೇ? ಅದು ನನ್ನ ಗೋಡೌನಲ್ಲಿ ಎಲ್ಡ್ ಆಳ್ ಜಾಗ ತಿಂತದೆ."

"ನಮ್ಮ ಮನೇಲಿ ಅದು ಬಾಗಿಲಲ್ಲೇ ತೂರಲ್ಲ ಮೇಡಂ."

ಜಡ್ಜಮ್ಮ ತಲೆಯ ಮೇಲೆ ಕೈ ಇಟ್ಟುಕೊಂಡರು. "ಹದಿನಾಲ್ಕು ವರ್ಷ ನಂದು ನಂದು ಅಂದ್ರಿ. ಈಗ ನಿಂದು ನಿಂದು ಅಂತೀರಿ. ಇದಕ್ಕೆ ಹೊಸ ದಾವೆ ಹಾಕ್ತೀರಾ? ತಮ್ಮಯ್ಯನವರೇ, ನಿಜವಾಗಿ ನಿಮ್ಮ ತೊಂದ್ರೆ ಏನು?"

ತಮ್ಮಯ್ಯ ಕನ್ನಡಕವನ್ನು ಅಂಗಿಯ ತುದಿಯಿಂದ ಒರೆಸಿದ. ಸುತ್ತ ನೋಡಿದ. ಅಲ್ಲಿ ಕಂಬ ಇರಲಿಲ್ಲ, ಶಾಮಿಯಾನದ ಗಳ ಇತ್ತು, ಅದೂ ದೂರ.

"ಕೇಸ್ ಮುಗ್ದೋದ್ರೆ," ಎಂದ, ಮೇಜಿನ ಕಡೆ ನೋಡುತ್ತ, "ಇವ್ನು ಆಮೇಲೆ ಯಾವ್ ಸೋಮ್ವಾರ ಸಿಗ್ತಾನೆ ಅಮ್ಮಾವ್ರೇ?"

ನಾನು ಮಾತಾಡಬೇಕಾದ ಜಾಗ ಅದೇ ಆಗಿತ್ತು. ಇಡೀ ಜಿಲ್ಲೆಯಲ್ಲಿ ಆ ಜಾಗ ತುಂಬಲು ನನ್ನಷ್ಟು ತಯಾರಾದವನು ಬೇರೆ ಇಲ್ಲ. ನಾಲಿಗೆ ಎಲ್ಲಿತ್ತೋ. ಕಡೆಗೆ ಬಂದದ್ದು ಒಂದೇ ಮಾತು, ಅದೂ ನೇರವಾಗಿ ಅವನಿಗೇ:

"ಕಣ್ಣು ಸರಿಯಾಯ್ತೇನ್ಲಾ, ತಮ್ಮ?"

"ಊಂ ಕಣ್ಲಾ, ಶಾಂತ. ಇನ್ನೊಂದು ಮುಂದಿನ್ ತಿಂಗ್ಳು."

ಹಿರಿಯ ವಕೀಲರು ಕೆಮ್ಮಿದರು. ಜಡ್ಜಮ್ಮ ನಮ್ಮ ಫೈಲನ್ನು ಹತ್ತಿರ ಎಳೆದುಕೊಂಡು ಕ್ಲರ್ಕ್ ಕೈಯಲ್ಲಿ ಬರೆಸಿದರು. ಕೊಪ್ಪರಿಗೆಯೂ ಮುಚ್ಚಳವೂ ಇಬ್ಬರ ಸ್ವತ್ತು. ದೀಪಾವಳಿಯಿಂದ ಯುಗಾದಿಯವರೆಗೆ ವಾದಿಯ ಮನೆಯಲ್ಲಿ, ಯುಗಾದಿಯಿಂದ ದೀಪಾವಳಿಯವರೆಗೆ ಪ್ರತಿವಾದಿಯ ಮನೆಯಲ್ಲಿ. ಒಪ್ಪಿಸುವ ದಿನ ಇಬ್ಬರೂ ಖುದ್ದು ಹಾಜರಿರತಕ್ಕದ್ದು.

"ಖುದ್ದು ಅಂದ್ರೆ ಮಕ್ಕಳನ್ನ ಕಳಿಸೋ ಹಾಗಿಲ್ಲ," ಎಂದರು. "ಇದಕ್ಕೆ ಅಪೀಲೂ ಇಲ್ಲ, ಗೊತ್ತಲ್ಲ?"

ಸಹಿ ಹಾಕಿದೆವು. ಕ್ಲರ್ಕ್ ನಮ್ಮ ಫೈಲಿನ ದಾರ ಕಟ್ಟಿ ಮುಗಿದವುಗಳ ರಾಶಿಗೆ ಇಟ್ಟು, ಮತ್ತೆ ಒಂದು ಸಲ ಅದರ ಮೇಲೆ ಕೈ ಇಟ್ಟು ತಟ್ಟಿದರು. ಅವರ ಸರ್ವೀಸಿನ ಮುಕ್ಕಾಲು ಪಾಲು ಅದರಲ್ಲೇ ಇತ್ತು.

ಹೊರಗೆ ಬಂದಾಗ ಹೊನ್ನಕ್ಕ ಬಸ್ಸಿಗೆ ಹೊರಟಿದ್ದಳು. "ನಂದು ಅಷ್ಟ್ ಬೇಗ ಮುಗೀತು," ಎಂದಳು, "ನಿಮ್ದು ನೋಡಿ, ರಾಜಿ ಆಗಕ್ಕೂ ಜಗಳ ಬೇಕು!"

ಅಕ್ಟೋಬರ್ 22, ಬುಧವಾರ, ಬಲಿಪಾಡ್ಯಮಿ

ಹಲವು ದಿನ ಬರೆದಿರಲಿಲ್ಲ. ಬರೆಯುವಂಥದ್ದೇನೂ ಇರಲಿಲ್ಲ. ಅರಕಲಗೂಡಿನ ಮೇಷ್ಟರು ಪೈಪಿಗೆ ಒಪ್ಪಿದ್ದಾರೆ. ಅವರ ಜಗುಲಿಯಲ್ಲಿ ಎರಡು ಸಂಜೆ ಕೂತು ಅವರ ಶಾಲೆಯ ಕಥೆ ಕೇಳಿದೆ, ಅಷ್ಟೇ.

ಇವತ್ತು ಡಿಕ್ರಿಯ ಪ್ರಕಾರ ತಮ್ಮ ಲಗೇಜ್ ಆಟೋದಲ್ಲಿ ಕೊಪ್ಪರಿಗೆ ತಂದ. ಎರಡು ಕಣ್ಣೂ ಚೊಕ್ಕವಾಗಿವೆ. ಬಾಗಿಲಲ್ಲಿ ತೂರದ ಕಾರಣ ಅಂಗಳದಲ್ಲೇ ಇಳಿಸಿದೆವು. ಜಯಲಕ್ಷ್ಮಮ್ಮ ಅರಿಶಿನ ಕುಂಕುಮ ಇಟ್ಟಳು. ಇಬ್ಬರೂ ಒಂದೊಂದು ಕಡೆ ಹಿಡಿದು ಮುಚ್ಚಳ ಎತ್ತಿದೆವು, ಹದಿನಾಲ್ಕು ವರ್ಷದ ಮೇಲೆ. ಮುಚ್ಚಿದೆವು.

ಕೂರಲಿಲ್ಲ. ಒಂದು ಕಡೆ ಒತ್ತಿದರೆ ಇನ್ನೊಂದು ಕಡೆ ಏಳುತ್ತದೆ. ಟಕ್ ಟಕ್ ಎಂದು ಕುಣಿಯುತ್ತದೆ.

"ಮುಚ್ಚಳ ಸೊಟ್ಟ ಮಾಡ್ಬುಟ್ಟಿದ್ದೀಯ ಕಣ್ಲಾ," ಎಂದ ತಮ್ಮ. "ಅಟ್ಟದಾಗೆ ಅದ್ರ ಮ್ಯಾಲೆ ಏನ್ ಏರಿದ್ದೆ?"

"ಮುಚ್ಚಳ ನೆಟ್ಟಗೈತೆ. ನಿನ್ನ ಕೊಪ್ಪರಿಗೆ ಬಾಯೇ ವಾರೆ. ನೋಡಿಲ್ಲಿ, ಈ ನೆಗ್ಗು ಯಾವತ್ತಿಂದು?"

"ಅದು ಹುಟ್ಟಿದಾಗ್ಲಿಂದ ಐತೆ!"

"ಎಣ್ಸೋವಾಗ ನಾನೇ ಕೈಯಾಡ್ಸಿ ನೋಡಿದ್ದೆ ಕಣ್ಲಾ, ಇರ್ಲಿಲ್ಲ!"

ಜಗುಲಿಯಲ್ಲಿ ಕೂತು ಜಗಳ ಶುರು ಮಾಡಿದವರು ಊಟಕ್ಕೆ ಏಳಲಿಲ್ಲ, ಎಲೆ ಜಗುಲಿಗೇ ಬಂತು. ಬೀದಿಯವರು ಇಣುಕಿ ನೋಡಿ ಹೋದರು. ಕೆಳಗಿನ ಮನೆಯವರು ವಕೀಲರ ನಂಬರು ಬೇಕಾ ಎಂದು ಕೇಳಿದರು. ಇಬ್ಬರೂ ಒಟ್ಟಿಗೆ ಅವರಿಗೆ ಬೈದು ಕಳಿಸಿದೆವು.

ಬಿಸಿಲು ಇಳಿದ ಮೇಲೆ ತಮ್ಮ ಕೋಪದಲ್ಲಿ ಎದ್ದು ಚಪ್ಪಲಿ ಮೆಟ್ಟಿಕೊಂಡ.

"ನಾಳೆ ಬೆಳಗ್ಗೆ ಬತ್ತೀನಿ ಕಣ್ಲಾ. ಈ ನೆಗ್ಗಿನ್ ಇಚಾರ ಇತ್ಯರ್ಥ ಆಗ್ಲೇಬೇಕು," ಎಂದು ಬಿರಬಿರನೆ ಹೋದ.

ಬರಲಿ. ನನ್ನ ಹತ್ತಿರವೂ ಹೇಳುವುದು ಬೇಕಾದಷ್ಟಿದೆ. ಒಳಗೆ ಜಯಲಕ್ಷ್ಮಮ್ಮ ಮೂವರಿಗಾಗುವಷ್ಟು ದೋಸೆಗೆ ಅಕ್ಕಿ ನೆನೆಹಾಕುತ್ತಿದ್ದಾಳೆ.